ಸೆನ್ಸರ್ ಬದಲಿಸೋ ಮುಂಚೆ

ಎಲೆಕ್ಟ್ರಿಕ್ ಕಾರಿನಲ್ಲಿ ಎಬಿಎಸ್ ದೀಪ ಹತ್ತಿದೆ, ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಗಾಡಿ ಮೊದಲಿನಂತೆ ಹಿಡೀತಿಲ್ಲ. ಚಕ್ರದ ವೇಗ ತಿಳಿಯದಿದ್ದರೆ ಟೈರ್ ಜಾರೋದೂ ತಿಳಿಯಲ್ಲ. ಅದಕ್ಕೇ ಹಲವು ಗಾಡಿಗಳು ರೀಜನರೇಟಿವ್ ಬ್ರೇಕಿಂಗ್ ತಗ್ಗಿಸಿಬಿಡುತ್ತವೆ.

ಸ್ಕ್ಯಾನರ್ ‘ಎಡ ಮುಂಚಕ್ರದ ಸೆನ್ಸರ್’ ಅಂದ ತಕ್ಷಣ ಹೊಸದು ತರಲು ಓಡಬೇಡಿ. ಓಮ್ಸ್ ಅಳೆಯೋ ನಮ್ಮ ಲ್ಯಾಬ್ ಚಾಳಿಯೂ ಇಲ್ಲಿ ನಡೆಯಲ್ಲ: ಈಗಿನ ಸೆನ್ಸರ್ ಬರೀ ಕಾಯಿಲ್ ಅಲ್ಲ, ಒಳಗೆ ಐಸಿ ಇದೆ. ಎರಡು ವೈರಿನ ಮಾದರಿಯಲ್ಲಿ ಸಿಗ್ನಲ್ ಅಂದರೆ ಕರೆಂಟ್ ಸುಮಾರು 7ರಿಂದ 14 ಮಿಲಿಆಂಪಿಯರ್‌ಗೆ ಜಿಗಿಯೋದು.

ಒಬ್ಬರು ನಿಧಾನವಾಗಿ ಓಡಿಸಲಿ, ಇನ್ನೊಬ್ಬರು ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರಗಳ ವೇಗ ನೋಡಲಿ. ಒಂದು ಸೊನ್ನೆಯಲ್ಲೇ ನಿಂತರೆ ಮೊದಲು ಕನೆಕ್ಟರ್, ವೈರ್, ಸಪ್ಲೈ ಪರೀಕ್ಷಿಸಿ. ಸುತ್ತಿಗೊಮ್ಮೆ ತಪ್ಪಿದರೆ ಎನ್‌ಕೋಡರ್ ರಿಂಗ್ ಮೇಲೆ ಅನುಮಾನ. ಕಬ್ಬಿಣದ ಪುಡಿ ಅಂಟಿರಬಹುದು, ಒರೆಸಿ ನೋಡಿ. ಇತ್ತೀಚೆಗೆ ಬೇರಿಂಗ್ ಬದಲಾಗಿದೆಯಾ? ಕೆಲವು ಗಾಡಿಗಳಲ್ಲಿ ಆ ರಿಂಗ್ ಬೇರಿಂಗ್ ಸೀಲಿನಲ್ಲೇ ಇರುತ್ತದೆ. ಉಲ್ಟಾ ಕೂರಿಸಿದ್ದರೆ ಎಷ್ಟು ಸೆನ್ಸರ್ ಹಾಕಿದರೂ ದೀಪ ಆರಲ್ಲ.