ರೀಲ್ಸ್ ಓಡೋಕೆ ಎಷ್ಟು ದುಬಾರಿ ಫೋನ್ ಬೇಕು?

ಒಂದೇ ಹಾಡು, ಒಂದೇ ಸ್ಟೆಪ್. ಒಬ್ಬರ ವಿಡಿಯೋ ಲಕ್ಷಗಟ್ಟಲೆ ಫೋನುಗಳಿಗೆ ಹೋಗುತ್ತೆ, ಇನ್ನೊಬ್ಬರದು ಇನ್ನೂರು ವ್ಯೂಸ್‌ಗೆ ನಿಂತುಬಿಡುತ್ತೆ. ಯಾಕೆ ಅಂತ ಯಾರನ್ನೇ ಕೇಳಿ, ಸಾಮಾನ್ಯವಾಗಿ ಬರೋ ಉತ್ತರ ಇದು: "ಅವರ ಹತ್ರ ಒಳ್ಳೆ ಕ್ಯಾಮೆರಾ ಇದೆ ಬಿಡಿ."

ಈ ಮಾತು ಎಷ್ಟು ನಿಜ? ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವಿಡಿಯೋಗಳನ್ನು ಕುಗ್ಗಿಸಿ, ನೆಟ್‌ವರ್ಕ್ ಸರಿ ಇಲ್ಲದ ಕಡೆಗೂ ತಡವರಿಸದೆ ತಲುಪಿಸೋದು ನಮ್ಮ ಟೀಮಿನ ಕೆಲಸ. ನನಗೆ ಕುಣಿಯೋಕೆ ಬರಲ್ಲ. ಆದರೆ ಕುಣಿತದ ವಿಡಿಯೋ ಫೋನಿನ ಒಳಗೆ ಏನೇನು ಪಾಡು ಪಡುತ್ತೆ ಅನ್ನೋದು ದಿನಾ ನೋಡೋ ವಿಷಯ.

ಇದು ಬರೀ ಕುತೂಹಲದ ಪ್ರಶ್ನೆಯೂ ಅಲ್ಲ. ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿರೋ ನನ್ನ ಚಿಕ್ಕಪ್ಪನ ಮಗಳು ಚೆನ್ನಾಗಿ ಕುಣಿಯುತ್ತಾಳೆ. ಯುಗಾದಿ ಕಳೆದ ಮೇಲೆ ಒಂದು ದಿನ ಫೋನ್ ಮಾಡಿ, "ಅಕ್ಕಾ, ಎಂಬತ್ತು ಸಾವಿರದ ಫೋನ್ ಇಎಂಐ ಮೇಲೆ ತಗೋಬೇಕು ಅಂತಿದೀನಿ. ಅಪ್ಪಂಗೆ ನೀನೇ ಒಂದು ಮಾತು ಹೇಳು" ಅಂದಳು. ತಿಂಗಳಿಗೆ ಹತ್ತಿರ ಹತ್ತಿರ ಐದು ಸಾವಿರ, ಒಂದೂವರೆ ವರ್ಷ. ಚಿಕ್ಕಪ್ಪನದು ಸಣ್ಣ ಹಾರ್ಡ್‌ವೇರ್ ಅಂಗಡಿ. ಹೂಂ ಅನ್ನೋ ಮುಂಚೆ ವಿಷಯ ಸರಿಯಾಗಿ ತಿಳಿದುಕೊಳ್ಳೋಣ ಅನಿಸಿತು.

ಕೊರಿಯಾದ ಒಂದು ಕಥೆ

ಡ್ಯಾನ್ಸ್ ವಿಡಿಯೋಗೆ ದುಡ್ಡು ಸುರಿಯೋದರಲ್ಲಿ ದಕ್ಷಿಣ ಕೊರಿಯಾದ ಕೆ-ಪಾಪ್ ಕಂಪನಿಗಳು ಹೆಸರುವಾಸಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

2014ರ ಆಗಸ್ಟ್‌ನಲ್ಲಿ ಇಎಕ್ಸ್‌ಐಡಿ ಎಂಬ ಹುಡುಗಿಯರ ತಂಡ 'ಅಪ್ ಅಂಡ್ ಡೌನ್' ಹಾಡನ್ನು ಬಿಡುಗಡೆ ಮಾಡಿತು. ಸೆಟ್, ಲೈಟು, ಎಡಿಟಿಂಗ್ ಎಲ್ಲಾ ಇದ್ದ ಅಧಿಕೃತ ವಿಡಿಯೋ ಬಂತು. ಹೆಚ್ಚು ಸದ್ದು ಆಗಲಿಲ್ಲ. ಅಕ್ಟೋಬರ್‌ನಲ್ಲಿ ಒಂದು ಕಾರ್ಯಕ್ರಮದಲ್ಲಿ ತಂಡ ಅದೇ ಹಾಡಿಗೆ ಕುಣಿಯುವಾಗ, ಅಭಿಮಾನಿಯೊಬ್ಬರು ಹಾನಿ ಎಂಬ ಒಬ್ಬ ಸದಸ್ಯೆಯನ್ನು ಮಾತ್ರ ಹಿಂಬಾಲಿಸಿ ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕಿದರು. ಒಂದೇ ಕ್ಯಾಮೆರಾ, ಕಟ್ ಇಲ್ಲ, ಎಫೆಕ್ಟ್ ಇಲ್ಲ. ಅದು ಹಬ್ಬಿತು ನೋಡಿ! ಕೆಳಗೆ ಬಿದ್ದಿದ್ದ ಹಾಡು ಮತ್ತೆ ಜನಪ್ರಿಯತೆಯ ಪಟ್ಟಿ ಏರಿತು. 2015ರ ಜನವರಿಯಲ್ಲಿ ತಂಡ ಅಲ್ಲಿನ ಟಿವಿ ಸಂಗೀತ ಕಾರ್ಯಕ್ರಮದಲ್ಲಿ ಮೊದಲ ಸ್ಥಾನ ಪಡೆಯಿತು.

ಇಂಥ ವಿಡಿಯೋಗೆ 'ಫ್ಯಾನ್‌ಕ್ಯಾಮ್' ಅಂತಾರೆ. ಈಗ ಅಲ್ಲಿನ ಟಿವಿ ಚಾನೆಲ್‌ಗಳೇ ಒಬ್ಬೊಬ್ಬ ಸದಸ್ಯರ ಫ್ಯಾನ್‌ಕ್ಯಾಮ್ ತೆಗೆದು ಹಾಕುತ್ತವೆ. ಕಂಪನಿಗಳು ಅದ್ದೂರಿ ವಿಡಿಯೋ ಜೊತೆಗೆ ಅಭ್ಯಾಸದ ಕೋಣೆಯಲ್ಲಿ ತೆಗೆದ ಸಾದಾ ವಿಡಿಯೋವನ್ನೂ ಬಿಡುತ್ತವೆ. ಬ್ಲ್ಯಾಕ್‌ಪಿಂಕ್ ತಂಡದ 'ಹೌ ಯು ಲೈಕ್ ದಟ್' ಹಾಡಿಗೆ 2020ರಲ್ಲಿ ಒಂದು ಬೇರೆ ಡ್ಯಾನ್ಸ್ ವಿಡಿಯೋ ಬಂತು. ಹಿಂದೆ ಖಾಲಿ ಗುಲಾಬಿ ಬಣ್ಣ, ಮುಂದೆ ನಾಲ್ಕು ಹುಡುಗಿಯರು.  ಅದು 100 ಕೋಟಿ ವ್ಯೂಸ್ ದಾಟಿದೆ. ಅದಕ್ಕೂ ಖರ್ಚಾಗಿದೆ, ಇಲ್ಲ ಅನ್ನಲ್ಲ. ಆದರೆ ಆ ಖರ್ಚು ಕುಣಿತವನ್ನು ಮುಚ್ಚಿಲ್ಲ.

ಮಂಡಿ ಕಾಣದ ಮಂಡಿಕುಣಿತ

ಕುಣಿತ ನೋಡೋಕೆ ಬಂದವರಿಗೆ ಮೊದಲು ಬೇಕಾದ್ದು ಕುಣಿತ ಕಾಣೋದು. ಕೇಳೋಕೆ ಸಿಲ್ಲಿ ಅನಿಸುತ್ತೆ, ಅಲ್ವಾ? ಆದರೆ ದುಡ್ಡು ಹೆಚ್ಚಾದಷ್ಟೂ ಇದೇ ಮರೆಯಾಗೋದು. ಎರಡು ಸೆಕೆಂಡಿಗೊಂದು ಕಟ್, ಡ್ರೋನ್ ಶಾಟ್, ಸ್ಲೋ ಮೋಷನ್, ಮುಖದ ಕ್ಲೋಸಪ್. ಕಾಲು ಎಲ್ಲಿಟ್ಟರು, ಸೊಂಟ ಯಾವಾಗ ತಿರುಗಿತು, ಒಂದೂ ಗೊತ್ತಾಗಲ್ಲ.

ಹಾಲಿವುಡ್‌ನ ಫ್ರೆಡ್ ಅಸ್ಟೇರ್ 1930ರ ದಶಕದಲ್ಲೇ ಇದಕ್ಕೆ ಹಟ ಹಿಡಿದಿದ್ದರು. ತಲೆಯಿಂದ ಕಾಲಿನವರೆಗೆ ಪೂರ್ತಿ ದೇಹ ಕಾಣಬೇಕು, ಕಟ್ ಆದಷ್ಟೂ ಕಡಿಮೆ ಇರಬೇಕು. ಅಷ್ಟು ದೂರ ಯಾಕೆ, ನಮ್ಮ ಕರಾವಳಿಯ ಯಕ್ಷಗಾನದ ವಿಡಿಯೋ ನೋಡಿ. ರಂಗಸ್ಥಳದ ಎದುರು ಒಂದು ಟ್ರೈಪಾಡ್ ನಿಲ್ಲಿಸಿ ತೆಗೆದದ್ದನ್ನು ಜನ ಕೂತು ನೋಡ್ತಾರೆ. ಮಂಡಿಕುಣಿತದಲ್ಲಿ ಮಂಡಿಯೇ ಫ್ರೇಮಿನ ಹೊರಗೆ ಹೋದರೆ ಕ್ಯಾಮೆರಾ ಎಷ್ಟು ಲಕ್ಷದ್ದಾದರೇನು?

ಕಂಪ್ಯೂಟರಿಗೆ ಕಷ್ಟ ಕೊಡೋ ಕುಣಿತ

ಈಗ ನನ್ನ ಕೆಲಸದ ವಿಷಯ. ನೀವು ಅಪ್‌ಲೋಡ್ ಮಾಡಿದ ವಿಡಿಯೋ ಹಾಗೇ ನೋಡುವವರ ಫೋನಿಗೆ ಹೋಗಲ್ಲ. 1080ಪಿ ವಿಡಿಯೋವನ್ನು, ಸೆಕೆಂಡಿಗೆ 30 ಫ್ರೇಮ್ ಇದ್ದರೆ, 8 ಎಂಬಿಪಿಎಸ್ ಬಿಟ್‌ರೇಟ್‌ನಲ್ಲಿ ಅಪ್‌ಲೋಡ್ ಮಾಡಿ ಅಂತ ಯೂಟ್ಯೂಬ್ ಹೇಳುತ್ತೆ. ಆದರೆ ಬಸ್ಸಲ್ಲಿ ಕೂತು ನೋಡೋರಿಗೆ ತಲುಪೋದು ಅದಕ್ಕಿಂತ ಎಷ್ಟೋ ಹಿಂಡಿದ ಪ್ರತಿ.

ಹಿಂಡೋದು ಹೇಗೆ? ಎರಡು ಫ್ರೇಮ್‌ಗಳ ನಡುವೆ ಏನು ಬದಲಾಯಿತೋ ಅದನ್ನು ಮಾತ್ರ ಕಳಿಸಿ, ಮಿಕ್ಕಿದ್ದನ್ನು ಹಳೆಯ ಫ್ರೇಮಿನಿಂದಲೇ ತುಂಬಿಕೊಳ್ಳೋದು. ನ್ಯೂಸ್ ಓದುವವರ ವಿಡಿಯೋದಲ್ಲಿ ಬಾಯಿ ಅಲ್ಲಾಡುತ್ತೆ, ಗೋಡೆ ಹಾಗೇ ಇರುತ್ತೆ. ಸುಲಭ. ಕುಣಿತದಲ್ಲಿ ಎಲ್ಲವೂ ಬದಲಾಗುತ್ತೆ. ಜೊತೆಗೆ ಕ್ಯಾಮೆರಾವೂ ಓಡಾಡಿದರೆ, ಹಿಂದೆ ಮರದ ಎಲೆ ಅಲ್ಲಾಡಿದರೆ, ಲಂಗದ ಮೇಲೆ ಚಮಕಿ ಇದ್ದರೆ, ಇರೋ ಸ್ವಲ್ಪ ಡೇಟಾ ಎಲ್ಲದಕ್ಕೂ ಹಂಚಿ ಹೋಗುತ್ತೆ. ಕುಣಿಯುವವರ ಪಾಲಿಗೆ ಉಳಿಯೋದು ಚೌಕ ಚೌಕವಾಗಿ ಒಡೆದ ಚಿತ್ರ.

ಕತ್ತಲೆ ಇನ್ನೂ ಕೆಟ್ಟದ್ದು. ಬೆಳಕು ಸಾಲದಿದ್ದರೆ ಫೋನಿನ ಚಿತ್ರದಲ್ಲಿ ಕಾಳುಕಾಳು ಬರುತ್ತಲ್ಲ, ಆ ಕಾಳೂ ಪ್ರತಿ ಫ್ರೇಮಿನಲ್ಲಿ ಬದಲಾಗುತ್ತೆ. ಸಾಫ್ಟ್‌ವೇರ್ ಪಾಪ ಅದನ್ನೂ ಚಲನೆ ಅಂದುಕೊಂಡು ಅದಕ್ಕೂ ಡೇಟಾ ಸುರಿಯುತ್ತೆ. ಅಂದರೆ ಸ್ಥಿರವಾದ ಕ್ಯಾಮೆರಾ, ಸಾದಾ ಗೋಡೆ, ಒಳ್ಳೆ ಬೆಳಕು ಇದ್ದರೆ ಅಗ್ಗದ ಫೋನಿನ ವಿಡಿಯೋನೂ ದುಬಾರಿ ಫೋನಿನ ಕತ್ತಲೆ ವಿಡಿಯೋಗಿಂತ ಚೊಕ್ಕವಾಗಿ ತಲುಪುತ್ತೆ. ಆ ಖಾಲಿ ಗುಲಾಬಿ ಗೋಡೆ ಈ ಲೆಕ್ಕದಲ್ಲೂ ಜಾಣತನವೇ.

ಬ್ಲೂಟೂತ್ ಸ್ಪೀಕರ್ ಮಾಡೋ ಮೋಸ

ಚಿತ್ರಕ್ಕಿಂತ ದೊಡ್ಡ ಪೆಟ್ಟು ಕೊಡೋದು ತಾಳ. ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಹೋದರೆ, ಅಥವಾ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುವವರಿಗೆ ಗೊತ್ತಾಗೋಕೆ ಶುರುವಾಗುತ್ತೆ. ಇದು ಟಿವಿ ಪ್ರಸಾರಕ್ಕೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರೋ ಲೆಕ್ಕ.

ಈಗ ಮನೆಯಲ್ಲಿ ಏನಾಗುತ್ತೆ ನೋಡಿ. ಆ್ಯಪ್‌ನಲ್ಲಿ ಹಾಡು ಹಾಕಿ ಬ್ಲೂಟೂತ್ ಸ್ಪೀಕರಿಗೆ ಜೋಡಿಸುತ್ತೀರಿ. ಫೋನಿನಿಂದ ಹೊರಟ ಹಾಡು ಸ್ಪೀಕರಿನಲ್ಲಿ ಕೇಳಿಸೋಕೆ 100ರಿಂದ 200 ಮಿಲಿಸೆಕೆಂಡ್ ತಡವಾಗೋದು ಮಾಮೂಲಿ. ನೀವು ಕೇಳಿದ ತಾಳಕ್ಕೆ ಸರಿಯಾಗಿ ಕುಣಿದಿರುತ್ತೀರಿ. ಆದರೆ ಆ್ಯಪ್ ಕೊನೆಗೆ ಜೋಡಿಸೋದು ಒರಿಜಿನಲ್ ಹಾಡನ್ನು. ಹಾಡು ಮುಂದೆ, ಹೆಜ್ಜೆ ನಾಲ್ಕೈದು ಫ್ರೇಮ್ ಹಿಂದೆ. ನೋಡುವವರು "ಏನೋ ಸರಿ ಇಲ್ಲ" ಅಂತ ಬೆರಳು ಸರಿಸಿಬಿಡ್ತಾರೆ. ತಪ್ಪು ಸ್ಪೀಕರಿನದು, ಹೆಸರು ಕೆಡೋದು ಕುಣಿದವರದು. ವೈರ್ ಇರೋ ಸ್ಪೀಕರ್ ಬಳಸಿ, ಇಲ್ಲವೇ ಎಡಿಟ್ ಮಾಡುವಾಗ ಹಾಡನ್ನು ಅಷ್ಟೇ ತಡವಾಗಿ ಶುರು ಮಾಡಿ.

ಹಾಗಾದರೆ ಕ್ವಾಲಿಟಿ ಬೇಡ್ವಾ?

ಬೇಕು. ಒಂದು ಮಟ್ಟದವರೆಗೆ ಖಂಡಿತ ಬೇಕು. ಭಾರತದಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಇಲ್ಲಿಗೆ ಬಂದವು. ಮಸುಕಾದ, ಬೇರೆ ಆ್ಯಪ್‌ನ ಗುರುತಿರೋ ವಿಡಿಯೋಗಳನ್ನು ಹೊಸಬರಿಗೆ ಶಿಫಾರಸು ಮಾಡೋದು ಕಡಿಮೆ ಮಾಡ್ತೀವಿ ಅಂತ ಇನ್‌ಸ್ಟಾಗ್ರಾಂ 2021ರಲ್ಲಿ ಬಹಿರಂಗವಾಗಿ ಹೇಳಿತು. ಅಂದರೆ ಕನಿಷ್ಠ ಸ್ಪಷ್ಟತೆ ಇಲ್ಲದಿದ್ದರೆ ಓಟದ ಗೆರೆಗೇ ಬಿಡಲ್ಲ.

ಆ ಮಟ್ಟ ದಾಟಿದ ಮೇಲೆ ಆಟ ಬೇರೆ. ಅಲ್ಲಿ ನಡೆಯೋದು "ನಾನೂ ಇದನ್ನು ಮಾಡಬಹುದು" ಅಂತ ನೋಡುವವರಿಗೆ ಅನಿಸುತ್ತಾ ಅನ್ನೋದು.

2018ರಲ್ಲಿ ಭೋಪಾಲದ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಮದುವೆ ವೇದಿಕೆ ಮೇಲೆ ಗೋವಿಂದ ಅವರ 1987ರ ಹಾಡಿಗೆ ಕುಣಿದದ್ದು ನೆನಪಿದೆಯಾ? ದೇಶವೇ 'ಡ್ಯಾನ್ಸಿಂಗ್ ಅಂಕಲ್' ಅಂತ ಕರೆಯಿತು. 2022ರಲ್ಲಿ ನಾರ್ವೆಯ ಕ್ವಿಕ್ ಸ್ಟೈಲ್ ತಂಡ ಮದುವೆಯೊಂದರಲ್ಲಿ 'ಕಾಲಾ ಚಶ್ಮಾ'ಗೆ ಹೆಜ್ಜೆ ಹಾಕಿತು. ಆರು ವರ್ಷ ಹಳೆಯ ಸಿನಿಮಾ ಹಾಡು ಮತ್ತೆ ಜಗತ್ತು ಸುತ್ತಿತು. ಎರಡೂ ಕಡೆ ಕಂಡದ್ದು ಮದುವೆ ಮನೆ, ಕುಣಿಯುವವರ ಪೂರ್ತಿ ದೇಹ, ಅವರ ಖುಷಿ.

ದೊಡ್ಡ ಬಜೆಟ್ ಸೋಲುತ್ತೆ ಅಂತಲೂ ಅಲ್ಲ. ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ನೃತ್ಯ ಸಂಯೋಜಿಸಿದ 'ರೌಡಿ ಬೇಬಿ' 2020ರಲ್ಲಿ ಯೂಟ್ಯೂಬ್‌ನಲ್ಲಿ 100 ಕೋಟಿ ವ್ಯೂಸ್ ದಾಟಿತು. 'ನಾಟು ನಾಟು' ಚಿತ್ರೀಕರಣ ಆದದ್ದು ಉಕ್ರೇನ್‌ನ ಕೀವ್‌ನಲ್ಲಿ, ಅರಮನೆ ಮುಂದೆ. ಆದರೆ ಹೆಗಲ ಮೇಲೆ ಕೈ ಹಾಕಿ ಕಾಲು ಬೀಸೋ ಆ ಸ್ಟೆಪ್ ಬಂದಾಗ ಇಬ್ಬರು ಹೀರೋಗಳ ಕಾಲೂ ಫ್ರೇಮಿನಲ್ಲೇ ಇವೆ. ಅದಕ್ಕೇ 2023ರ ಫೆಬ್ರವರಿಯಲ್ಲಿ ದೆಹಲಿಯ ಕೊರಿಯಾ ರಾಯಭಾರ ಕಚೇರಿಯ ಸಿಬ್ಬಂದಿ ಕೂಡ ಅದನ್ನು ಕುಣಿದು ವಿಡಿಯೋ ಹಾಕೋಕೆ ಆಯಿತು. ನಮ್ಮ 'ರಾ ರಾ ರಕ್ಕಮ್ಮ' ಕೂಡ 2022ರಲ್ಲಿ ಸಿನಿಮಾ ಬರೋ ಮುಂಚೆಯೇ ಮನೆಮನೆಯ ರೀಲ್ಸ್ ಆಗಿತ್ತು. ದುಬಾರಿ ವಿಡಿಯೋ ದೂರ ಹೋಗೋದೂ ಮಹಡಿ ಮೇಲೆ, ಹಾಸ್ಟೆಲ್ ಕಾರಿಡಾರಿನಲ್ಲಿ ತೆಗೆದ ಸಾವಿರಾರು ಅಗ್ಗದ ನಕಲುಗಳ ಹೆಗಲೇರಿ.

ಒಂದು ರೂಪಾಯಿ ಖರ್ಚಿಲ್ಲದೆ

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ತಂಗಿಯ ಹಳೆಯ ವಿಡಿಯೋ ನೋಡಿದೆ. ಅವಳದು ಹದಿನಾಲ್ಕು ಸಾವಿರದ ಫೋನ್, ಅದೂ 1080ಪಿ ತೆಗೆಯುತ್ತೆ. ತೊಂದರೆ ಬೇರೆ ಕಡೆ ಇತ್ತು. ಫೋನನ್ನು ಟಿವಿ ಸ್ಟ್ಯಾಂಡಿಗೆ ಒರಗಿಸಿದ್ದರಿಂದ ಮಂಡಿಯ ಕೆಳಗೆ ಕಾಣ್ತಿರಲಿಲ್ಲ. ರಾತ್ರಿ ಎಲ್‌ಇಡಿ ಟ್ಯೂಬ್‌ಲೈಟಿನಲ್ಲಿ ತೆಗೆದದ್ದಕ್ಕೆ ಚಿತ್ರದ ಮೇಲೆ ಪಟ್ಟೆ ಓಡುತ್ತಿತ್ತು. ಬ್ಲೂಟೂತ್ ಸ್ಪೀಕರ್ ಅಂತೂ ಇದ್ದೇ ಇತ್ತು. ಸಾಲದ್ದಕ್ಕೆ ಗೆಳತಿ ವಿಡಿಯೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನೇ ಅಪ್‌ಲೋಡ್ ಮಾಡಿದ್ದಳು. ಅಲ್ಲಿ ಒಮ್ಮೆ ಹಿಂಡಿದ್ದು, ಇಲ್ಲಿ ಇನ್ನೊಮ್ಮೆ ಹಿಂಡಿದ್ದು.

ನಾನು ಹೇಳಿದ್ದು ಇಷ್ಟು:

ಬೆಳಿಗ್ಗೆ ಏಳರಿಂದ ಎಂಟರ ಒಳಗೆ ಮಹಡಿ ಮೇಲೆ ಹೋಗು, ಹಿಂದೆ ಸಾದಾ ಗೋಡೆ ಇರಲಿ.

ಫೋನನ್ನು ಸೊಂಟದ ಎತ್ತರದಲ್ಲಿ ಉದ್ದಕ್ಕೆ ನಿಲ್ಲಿಸು. ಕೈ ಮೇಲೆತ್ತಿದರೂ, ಕಾಲು ಚಾಚಿದರೂ ಫ್ರೇಮಿನೊಳಗೇ ಇರಬೇಕು.

ಒಳಗೇ ತೆಗೆಯೋದಾದರೆ ಪ್ರೊ ಮೋಡ್‌ನಲ್ಲಿ ಶಟರ್ 1/50 ಅಥವಾ 1/100 ಇಡು. ನಮ್ಮ ಕರೆಂಟ್ 50 ಹರ್ಟ್ಸ್, ಆಗ ಪಟ್ಟೆ ಬರಲ್ಲ.

ಲೆನ್ಸ್ ಒರೆಸು. ವಾಟ್ಸ್ಆ್ಯಪ್‌ನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸು.

ಎರಡು ತಿಂಗಳಾಯಿತು. ವೈರಲ್ ಏನೂ ಆಗಿಲ್ಲ. ಒಂದು ವಿಡಿಯೋ ಮೂರು ಸಾವಿರ ದಾಟಿತು, ಮಿಕ್ಕವು ಆರುನೂರು ಏಳುನೂರರಲ್ಲಿವೆ. ಆದರೆ ಯಾರೋ ಅಪರಿಚಿತರು "ಎರಡನೇ ಸಾಲಿನ ಸ್ಟೆಪ್ ನಿಧಾನವಾಗಿ ತೋರಿಸಿ" ಅಂತ ಕೇಳಿದ್ದಾರೆ. ಕಾಲು ಕಂಡರೆ ತಾನೇ ಹಾಗೆ ಕೇಳೋದು! ಇಎಂಐ ಮಾತು ಸದ್ಯಕ್ಕೆ ನಿಂತಿದೆ.

ಇಲ್ಲಿ ಪೋಲಾಗೋದು ದುಡ್ಡು ಮಾತ್ರ ಅಲ್ಲ. "ನಮ್ಮ ಫೋನಲ್ಲಿ ಚೆನ್ನಾಗಿ ಬರಲ್ಲ" ಅಂತ ಕುಣಿಯೋದನ್ನೇ ಹಾಕದೆ ಕೂತಿರೋ ಹುಡುಗ ಹುಡುಗಿಯರು ಪ್ರತಿ ಊರಿನಲ್ಲೂ ಇದ್ದಾರೆ. ಜಾತ್ರೆಯಲ್ಲಿ, ಗಣೇಶನ ಮೆರವಣಿಗೆಯಲ್ಲಿ, ಕಾಲೇಜ್ ಡೇನಲ್ಲಿ ಅವರನ್ನು ನಾವೇ ನೋಡಿರ್ತೀವಿ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ, ಸಾಲಕ್ಕೆ ಸಹಿ ಹಾಕೋ ಮುಂಚೆ ಒಂದು ಕೆಲಸ ಮಾಡಿ. ಇರೋ ಫೋನಿನಲ್ಲಿ ಬೆಳಗಿನ ಬಿಸಿಲಿಗೆ ಒಂದು ಟೇಕ್ ತೆಗೆದು, ಧ್ವನಿ ಬಂದ್ ಮಾಡಿ ನೋಡಿ. ಹಾಡು ಕೇಳಿಸದೆಯೂ ತಾಳ ಕಣ್ಣಿಗೆ ಕಂಡರೆ ಆ ಫೋನು ಸಾಕು. ಕಾಣದಿದ್ದರೆ, ಎಂಬತ್ತು ಸಾವಿರದ ಫೋನಲ್ಲೂ ಅದು ಕಾಣಲ್ಲ.