ಕೀ ಕೊಡುವ ಗಡಿಯಾರ

ಬಂಟ್ವಾಳದಿಂದ ಬೆಳ್ತಂಗಡಿಗೆ ಸಾಗುವ ಹೆದ್ದಾರಿಯಲ್ಲಿ ವಗ್ಗವನ್ನು ದಾಟಿ ಮಡಂತ್ಯಾರನ್ನು ಸೇರುವ ಮೊದಲೇ ಸಿಗುವ ಪುಂಜಾಲಕಟ್ಟೆಯಲ್ಲಿ, ಪ್ರಾತಃಕಾಲದ ಕಾಫಿಗೂ ಮುನ್ನ ತಮ್ಮ ಎಚ್‌ಎಂಟಿ ‘ಜನತಾ’ ಕೈಗಡಿಯಾರಕ್ಕೆ ಕೀ ಕೊಡುವ ವ್ರತವನ್ನು ತಪ್ಪದೆ ಪಾಲಿಸುವ ನಿವೃತ್ತ ಮಾಷ್ಟ್ರೊಬ್ಬರಿದ್ದಾರೆ.

ಗಡಿಯಾರವನ್ನು ಅವರು ಮೊದಲು ಕೈಯಿಂದ ಬಿಚ್ಚುತ್ತಾರೆ. “ಕಟ್ಟಿಕೊಂಡೇ ತಿರುಗಿಸಿದರೆ ಕೀಯ ದಂಟು ಓರೆಯಾಗ್ತದೆ ಮಾರಾಯ್ರೇ” ಎಂಬುದು ಅವರ ಎಚ್ಚರಿಕೆ. ಬಳಿಕ ಹೆಬ್ಬೆರಳು ತೋರುಬೆರಳುಗಳ ನಡುವೆ ಕೀಯನ್ನು ಹಿಡಿದು ಮೆಲ್ಲಮೆಲ್ಲನೆ ತಿರುಗಿಸುತ್ತ, ಒಳಗಿನ ಸ್ಪ್ರಿಂಗು ಬಿಗಿದು ಇನ್ನು ಸಾಕೆಂದು ಬೆರಳಿಗೆ ತಾನೇ ತಿಳಿಸುವ ಕ್ಷಣದಲ್ಲಿ ನಿಲ್ಲಿಸುತ್ತಾರೆ. ಆ ಪ್ರತಿರೋಧವನ್ನು ಮೀರಿ ಬಲಪ್ರಯೋಗ ಮಾಡುವುದು ಅವಿವೇಕವಷ್ಟೆ. ವೇಳೆ ಹೊಂದಿಸುವುದಾದರೆ ಕೀಯನ್ನು ಉಗುರಿನಿಂದ ಹೊರಕ್ಕೆಳೆದು, ಆಕಾಶವಾಣಿಯ ವಾರ್ತೆಯ ಹೊತ್ತಿಗೆ ಮುಳ್ಳುಗಳನ್ನು ಮುಂದಕ್ಕೆ ನಡೆಸಿ ಒಳಕ್ಕೊತ್ತಿದರಾಯಿತು. ತಾರೀಕು ತೋರುವ ಗಡಿಯಾರದಲ್ಲಿ ಮಾತ್ರ ನಡುರಾತ್ರಿಯ ಆಸುಪಾಸಿನಲ್ಲಿ ತಾರೀಕನ್ನು ಕೈಯಿಂದ ಬದಲಿಸಲಾಗದು. ಆ ಹೊತ್ತಿನಲ್ಲಿ ಚಕ್ರದ ಹಲ್ಲುಗಳು ಅದೇ ಕಾರ್ಯದಲ್ಲಿ ತೊಡಗಿರುತ್ತವೆ.

ಮಾಷ್ಟ್ರು ಗಣಿತದವರು. ಗಂಟೆಗೆ 18,000 ಬಡಿತಗಳಂತೆ ಈ ಯಂತ್ರ ಒಂದು ಅಹೋರಾತ್ರಿಯಲ್ಲಿ ಬಡಿಯುವುದು 4,32,000 ಸಲ. ಪುರಾಣಗಳು ಕಲಿಯುಗಕ್ಕೆ ವಿಧಿಸಿರುವ ವರ್ಷಗಳೂ ಅಷ್ಟೇ ಎಂದು ಅವರು ಕಾಗದದಲ್ಲಿ ಬರೆದು ತೋರಿಸಿದರು. ಇದು ಆಕಸ್ಮಿಕವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಒಂದು ಯುಗವನ್ನು ದಿನಕ್ಕೊಮ್ಮೆ ಬೆರಳತುದಿಯಿಂದ ಬಿಗಿದಿಡುವ ಕಲ್ಪನೆಯ ಸೊಗಸನ್ನು ಬಿಟ್ಟುಕೊಡಲು ನಾವಿಬ್ಬರೂ ಸಿದ್ಧರಿರಲಿಲ್ಲ.

ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯ ಗಡಿಯಾರ ತಯಾರಿಕೆ ಆರಂಭವಾಯಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಎದ್ದಿತು. ಮದುವೆಯ ಉಡುಗೊರೆಯಾಗಿ, ಪರೀಕ್ಷೆ ತೇರ್ಗಡೆಯಾದ ಮಗನಿಗೆ ಬಹುಮಾನವಾಗಿ ‘ಜನತಾ’, ‘ಪೈಲಟ್’, ‘ಕೋಹಿನೂರ್’ಗಳು ಮನೆಮನೆಗೆ ಬಂದವು. ಬ್ಯಾಟರಿಯ ಗಡಿಯಾರಗಳ ಪೈಪೋಟಿಯನ್ನು ಸಂಸ್ಥೆ ತಾಳಿಕೊಳ್ಳಲಿಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಚಿವ ಸಂಪುಟ ಸಮ್ಮತಿಸಿತು. ಕನ್ನಡನಾಡಿನ ನೆಲದಲ್ಲಿ ಬೆಳೆದ ಇಷ್ಟು ಸೂಕ್ಷ್ಮವಾದ ಕೈಕಸುಬು ಲಾಭನಷ್ಟದ ಲೆಕ್ಕವೊಂದರಲ್ಲೇ ಮುಗಿದುಹೋದುದು ನನಗಂತೂ ಇಂದಿಗೂ ಒಪ್ಪಿಗೆಯಾಗದ ಸಂಗತಿ.

ತಂದೆಯ ಕಾಲದ ‘ಜನತಾ’ ಕಪಾಟಿನಲ್ಲಿ ಸಿಕ್ಕಿತೆಂಬ ಸಂಭ್ರಮದಲ್ಲಿ ಒಡನೆ ಕೀ ಕೊಡಬೇಡಿ. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಎಣ್ಣೆ ಒಣಗಿ ಅಂಟಾಗಿರುತ್ತದೆ, ಕರಾವಳಿಯ ಮಳೆಗಾಲದ ತೇವಕ್ಕೆ ತುಕ್ಕೂ ಹಿಡಿದಿರಬಹುದು. ಮೊದಲು ಬಿಚ್ಚಿಸಿ, ತೊಳೆಸಿ, ಹೊಸ ಎಣ್ಣೆ ಹಾಕಿಸಬೇಕು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆ ಕೆಲಸಕ್ಕೆ ಕೂರುವವರು ಈಗ ವಿರಳ. ಸಿಕ್ಕರೂ, ಬಿಡಿಭಾಗಕ್ಕಾಗಿ ಇನ್ನೊಂದು ಹಳೆಯ ‘ಜನತಾ’ವನ್ನೇ ಬಿಚ್ಚಬೇಕಾಗುತ್ತದೆ.