ಪ್ರಾಯಶ್ಚಿತ್ತದ ವ್ಯಾಪ್ತಿ: ‘ಅನೇಕರು’ ಮತ್ತು ‘ಎಲ್ಲರು’

ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯಕ್ಕೂ ಕಾರ್ಪೊರೇಷನ್ ವೃತ್ತದ ಹಡ್ಸನ್ ಸ್ಮಾರಕ ದೇವಾಲಯಕ್ಕೂ ನಡುವಣ ದೂರ ಹೆಚ್ಚಿನದಲ್ಲ. ಎರಡೂ ಕನ್ನಡ ಸಭೆಗಳೇ. ಆದರೆ ಮೊದಲನೆಯದು ಲಂಡನ್ ಮಿಶನ್ನಿನ, ಎರಡನೆಯದು ವೆಸ್ಲಿಯನ್ ಮಿಶನ್ನಿನ ಪರಂಪರೆಗೆ ಸೇರಿದುದು. ಈ ಪರಂಪರೆಗಳ ಮೂಲದಲ್ಲಿ ಒಂದು ಹಳೆಯ ವಿವಾದವಿದೆ: ಕ್ರಿಸ್ತನು ಪ್ರಾಣ ಕೊಟ್ಟದ್ದು ಯಾರಿಗಾಗಿ?

ಆ ಮರಣವು ಮೌಲ್ಯದಲ್ಲಿ ಎಲ್ಲರಿಗೂ ಸಾಕಾಗುವಂಥದು, ಫಲದಲ್ಲಿ ಆಯ್ಕೆಯಾದವರಿಗೆ ಮಾತ್ರ ಸಲ್ಲುವಂಥದು ಎಂಬುದು 12ನೆಯ ಶತಮಾನದ ಪೀಟರ್ ಲೊಂಬಾರ್ಡನ ಸೂತ್ರ. ಹಾಲೆಂಡಿನಲ್ಲಿ ಅರ್ಮಿನಿಯಸ್‌ನ ಅನುಯಾಯಿಗಳು 1610ರಲ್ಲಿ ಕ್ರಿಸ್ತನು ಸರ್ವರಿಗಾಗಿ ಸತ್ತನೆಂದು ಸಾರಿದಾಗ ಈ ಸೂತ್ರದ ಸಮತೋಲ ಕದಡಿತು. 1618-19ರ ಡಾರ್ಟ್ ಸಭೆ ಮರಣದ ಮೌಲ್ಯ ಅನಂತವೆಂದು ಒಪ್ಪಿಯೂ ಅದರ ಉದ್ದೇಶವನ್ನು ಆಯ್ಕೆಯಾದವರಿಗೆ ಸೀಮಿತಗೊಳಿಸಿತು. 1739ರಲ್ಲಿ ಜಾನ್ ವೆಸ್ಲಿ ಇದಕ್ಕೆ ಎದುರಾಗಿ ನಿಂತನು. ಲಂಡನ್ ಮಿಶನ್ನಿನ ಬೆಂಬಲಿಗರಲ್ಲಿ ಬಹುಪಾಲು ಕ್ಯಾಲ್ವಿನನ ಪರಂಪರೆಯವರಾದರೂ ಅವರೆಲ್ಲರೂ ಸೀಮಿತ ವಾದವನ್ನು ಒಪ್ಪಿದ್ದರೆನ್ನುವುದು ಅವಸರದ ಮಾತಾದೀತು.

ಇದು ಬರಿಯ ಪಂಡಿತರ ತರ್ಕವಲ್ಲ. ಸಂತೆಯಲ್ಲಿ ನಿಂತ ಬೋಧಕನು ಎದುರಿನ ಅಪರಿಚಿತನಿಗೆ ‘ಕ್ರಿಸ್ತನು ನಿನಗಾಗಿ ಸತ್ತನು’ ಎನ್ನಬಹುದೇ? ವೆಸ್ಲಿಯ ಅನುಯಾಯಿಗೆ ಅಳುಕಿಲ್ಲ. ಡಾರ್ಟಿನ ನಿಷ್ಠಾವಂತನು ‘ನಂಬುವವರೆಲ್ಲರಿಗೂ ರಕ್ಷಣೆಯುಂಟು’ ಎನ್ನಬಲ್ಲನು; ‘ನಿನಗಾಗಿ’ ಎಂಬ ಮಾತಿನ ಬಳಿ ತಡೆಯುತ್ತಾನೆ. ಎಲ್ಲರಿಗೂ ಸುವಾರ್ತೆ ಸಾರಬೇಕೆಂದು ಡಾರ್ಟ್ ಸಭೆಯೇ ವಿಧಿಸಿತ್ತೆಂಬುದನ್ನು ಮಾತ್ರ ಮರೆಯಲಾಗದು.

ಕನ್ನಡಕ್ಕೆ ಬಂದಾಗ ಈ ಚರ್ಚೆ ಶಬ್ದಗಳಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಕನ್ನಡ ಸತ್ಯವೇದದಲ್ಲಿ ಮಾರ್ಕನ ಸುವಾರ್ತೆ (10:45) ‘ಅನೇಕರು’ ಎನ್ನುತ್ತದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ (2:6) ‘ಎಲ್ಲರು’ ಎನ್ನುತ್ತದೆ. ‘ಅನೇಕ’ದ ಮೂಲಾರ್ಥ ‘ಒಂದಲ್ಲದ್ದು’. ಅದು ಎಲ್ಲರನ್ನೂ ಒಳಗೊಳ್ಳಬಹುದು, ಕೆಲವರನ್ನು ಬಿಡಲೂಬಹುದು. ಗ್ರೀಕ್ ಪದದ ಹಿಂದಿರುವ ಹೀಬ್ರೂ ಬಳಕೆಯಲ್ಲಿಯೂ ಇಂಥದೇ ಸಡಿಲಿಕೆಯಿರುವುದರಿಂದ ಅನುವಾದ ಇಲ್ಲಿ ಸಾರ್ಥಕವಾಗಿದೆಯೆನ್ನಬೇಕು.

ಅದೇ ಮಾರ್ಕನ ವಾಕ್ಯದ ‘ಈಡು’ ಇನ್ನೂ ಕುತೂಹಲಕರ. ಈಡೆಂದರೆ ಸಮಬೆಲೆ, ಒತ್ತೆ. ಒತ್ತೆಯ ಲೆಕ್ಕದಲ್ಲಿ ಸಾಲ ತೀರಿದ ಮೇಲೆ ಸಾಲಗಾರನನ್ನು ಹಿಡಿಯುವಂತಿಲ್ಲ. ಎಲ್ಲರ ಋಣವೂ ತೀರಿದ್ದರೆ ಯಾರಿಗಾದರೂ ದಂಡನೆ ಏಕೆ? 17ನೆಯ ಶತಮಾನದಲ್ಲಿ ಜಾನ್ ಓವೆನ್ ಸೀಮಿತ ವಾದಕ್ಕೆ ಕೊಟ್ಟ ಮುಖ್ಯ ಆಧಾರ ಇದೇ. ಯಜ್ಞದ ರೂಪಕವಾದರೋ ಹೀಗೆ ತಲೆಯೆಣಿಕೆ ಮಾಡುವುದಿಲ್ಲ. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ ಯಜ್ಞದ ವಿಚಾರವನ್ನೇ ಕೈಗೆತ್ತಿಕೊಂಡು 1872ರಲ್ಲಿ ‘ಯಜ್ಞಸುಧಾನಿಧಿ’ಯನ್ನು ಪ್ರಕಟಿಸಿದುದು ಈ ದೃಷ್ಟಿಯಿಂದ ಗಮನಾರ್ಹ. ‘ಪ್ರಾಯಶ್ಚಿತ್ತ’ದ ತೊಡಕು ಬೇರೆ. ಧರ್ಮಶಾಸ್ತ್ರಗಳಲ್ಲಿ ಅದನ್ನು ಮಾಡತಕ್ಕವನು ಪಾಪ ಮಾಡಿದವನೇ. ಆದುದರಿಂದ ಎಷ್ಟು ಜನರಿಗೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಒಬ್ಬನು ಪರರಿಗಾಗಿ ಮಾಡಿದಾಗಲೇ ಅದಕ್ಕೆ ವ್ಯಾಪ್ತಿಯೆಂಬುದು ಬರುತ್ತದೆ.

ರೋಮನ್ ಕಥೋಲಿಕ ಸಭೆಯಲ್ಲಿ ಈ ವಿಷಯ 1653ರಲ್ಲಿಯೇ ಇತ್ಯರ್ಥವಾಗಿತ್ತು: ಸೀಮಿತ ವಾದದ ಕಡೆಗೆ ವಾಲಿದ ಜಾನ್ಸೆನ್ ಪಂಥದ ಪ್ರಮೇಯವನ್ನು ಹತ್ತನೆಯ ಇನ್ನೊಸೆಂಟ್ ಖಂಡಿಸಿದನು. ದಕ್ಷಿಣ ಭಾರತದ ಪ್ರೊಟೆಸ್ಟಂಟರು ಹಿಡಿದ ದಾರಿ ಬೇರೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆ ರೂಪುಗೊಂಡಾಗ ಧರ್ಮಗ್ರಂಥವನ್ನೂ ಪ್ರಾಚೀನ ವಿಶ್ವಾಸ ಪ್ರಮಾಣಗಳನ್ನೂ ಆಧಾರವಾಗಿಟ್ಟುಕೊಳ್ಳಲಾಯಿತು. ಡಾರ್ಟೋ ವೆಸ್ಲಿಯೋ ಎಂದು ಯಾರನ್ನೂ ಕೇಳಲಿಲ್ಲ. ರೈಸ್ ಮತ್ತು ಹಡ್ಸನ್ ದೇವಾಲಯಗಳೆರಡೂ ಇಂದು ಆ ಸಭೆಯ ಅಂಗಗಳು.